ಅರ್ಧ ಹೆಸರಿನ ಬಾಟಲಿ

ಹೀಟರಿನ ಮೇಲಿಟ್ಟ ಗಾಜಿನ ಪ್ಲೇಟು ಚಿಟ್ ಅಂದಿತು, ಒಡೆಯಿತೋ ಏನೋ, ಇಲ್ಲ, ಬಿಸಿಗೆ ಮೈಮುರಿದದ್ದು ಅಷ್ಟೇ, ಆಮ್ಲದ ಘಾಟು ಮೂಗಿಗೆ ಬಂತು, ಸಕ್ಕರೆ ಸುಡುವ ವಾಸನೆ ಇನ್ನೂ ಇಲ್ಲ, ಬರಲಿ, ಮೇಡಂ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬರುವುದರೊಳಗೆ ಕಂದು ಚುಕ್ಕೆ ಕಾಣಲೇಬೇಕು, ಕಾಣದಿದ್ದರೆ ನನ್ನ ಪ್ರಬಂಧದ ಮೂರನೆಯ ಅಧ್ಯಾಯಕ್ಕೆ ಎಳ್ಳುನೀರು, ನಿನ್ನೆಯೇ ಹೇಳಿಬಿಟ್ಟಿದ್ದಾರೆ, ನೋಡಮ್ಮಾ, ಒಂದು ಸಲ ಕಂಡದ್ದು ದೆವ್ವ, ಎರಡು ಸಲ ಕಂಡರೆ ವಿಜ್ಞಾನ, ನಾಳೆ ತೋರಿಸು, ಇಲ್ಲಾಂದ್ರೆ ಆ ಅಧ್ಯಾಯ ಕಿತ್ತು ಹಾಕು — ದೆವ್ವ, ನನ್ನ ಕಿಣ್ವ ದೆವ್ವವಂತೆ, ಪಾಪ, ಅದರ ಕಸುಬು ಕತ್ತರಿಸುವುದು, ಎರಡು ಕೊಂಡಿಯ ಸಕ್ಕರೆ ಕೊಟ್ಟರೆ ಕಚಕ್ಕನೆ ಒಂಟಿ ಒಂಟಿ ಮಾಡಿ ಕೈಗಿಡುತ್ತದೆ, ಅದಕ್ಕೆ ಚಿಟಿಕೆ ಮ್ಯಾಗ್ನೀಸಿಯಂ ಬೇಕು, ಅದು ಪುಸ್ತಕದಲ್ಲೂ ಇದೆ, ಆದರೆ ಕಳೆದ ಚಳಿಗಾಲದಲ್ಲಿ ಒಂದೇ ಒಂದು ಸಲ ಅದು ಕತ್ತರಿ ಕೆಳಗಿಟ್ಟು ಸೂಜಿ ಎತ್ತಿಕೊಂಡಿತು, ಎರಡು ಕೊಂಡಿಯನ್ನು ಮೂರು ಮಾಡಿತು, ನಾಲ್ಕು ಮಾಡಿತು, ನಾನು ಕಣ್ಣಾರೆ ಕಂಡೆ, ಆಮೇಲೆ ಎಷ್ಟು ಕಾಡಿದರೂ ಬೇಡಿದರೂ ಬರೀ ಕತ್ತರಿ, ಕೊಳೆ ಸೇರಿರಬೇಕು ಅಂದರು ಮೇಡಂ, ಟ್ಯೂಬು ತೊಳೆದೆ, ನೀರು ಬದಲಿಸಿದೆ, ಹೊಸ ಮ್ಯಾಗ್ನೀಸಿಯಂ ತರಿಸಿದೆ, ಕತ್ತರಿ, ಕತ್ತರಿ, ಕತ್ತರಿ, ಭಾನುವಾರ ಅಮ್ಮ ಫೋನಿನಲ್ಲಿ, ಏನೇ, ಇನ್ನೂ ಅದೇ ನೀರಿಗೆ ಉಪ್ಪು ಹಾಕ್ತಾ ಇದ್ದೀಯಾ, ಹೂಂ ಅಮ್ಮ, ಬೇರೆ ಬೇರೆ ಉಪ್ಪು, ರುಚಿ ಗಿಚಿ ನೋಡ್ಬೇಡ ಮತ್ತೆ.

ಅಮ್ಮನಿಗೆ ಅಜ್ಜಿಯನ್ನೇ ಇಟ್ಟು ವಿವರಿಸಿದ್ದೆ, ನೋಡಮ್ಮ, ಪಕ್ಕದಲ್ಲಿ ದೊಡ್ಡಮ್ಮ ಕೂತರೆ ಅಜ್ಜಿ ನಾಲಿಗೆ ಕತ್ತರಿ, ಬೀದಿಯವರ ಸಂಬಂಧವನ್ನೆಲ್ಲ ತುಂಡು ತುಂಡು ಮಾಡ್ತಾಳೆ, ಚಿಕ್ಕಮ್ಮ ಕೂತರೆ ಅದೇ ನಾಲಿಗೆ ಮುರಿದ ಮದುವೆಗೂ ಹೊಲಿಗೆ ಹಾಕತ್ತೆ, ತಾತ ಬಂದ್ರೋ ಬಾಯಿಗೆ ಬೀಗ, ನನ್ನ ಕಿಣ್ವಕ್ಕೆ ಜಿಂಕ್ ಹಾಕಿದ ಹಾಗೆ, ಅಮ್ಮ ನಗುತ್ತ, ಹಾಗಾದ್ರೆ ಆವತ್ತು ನಿನ್ನ ಟ್ಯೂಬಿಗೆ ನಿನ್ನ ಚಿಕ್ಕಮ್ಮ ಬಂದಿದ್ದಳು ಅನ್ನು — ಅಂದಳು, ನಾನೂ ನಕ್ಕು ಮರೆತೆ, ಮರೆಯಬಾರದಿತ್ತು, ಏಕೆಂದರೆ ಬೆಳಿಗ್ಗೆ ಫ್ರಿಜ್ಜಿನ ಹಿಮದ ಗೋಡೆ ಕೆರೆಯುವಾಗ ಹಿಂದೆ ಸಿಕ್ಕಿಕೊಂಡಿದ್ದ ಹಳೆಯ ಬಾಟಲಿ, ಚಳಿಗಾಲದಲ್ಲಿ ನಾನು ಬಳಸಿದ್ದೇ, ತಳದಲ್ಲಿ ಎರಡು ಹನಿ ನೀರಿನಂಥದ್ದು, ಮೈಮೇಲೆ ಅವಸರನ ಅಕ್ಷರ, ಮ್ಯಾ, ಅಷ್ಟೇ, ಮುಂದೆ ಏನೂ ಇಲ್ಲ. ಅವಸರ ಅಂದರೆ ಪಕ್ಕದ ಮೇಜಿನವನು, ಎಲ್ಲವನ್ನೂ ಅರ್ಧ ಬರೆದು ಓಡುವವನು, ಫ್ರಿಜ್ಜಿನ ಮೇಲೆ ‘ಬಾಗಿಲು ತೆಗೆದಿಡಬೇಡಿ’ ಬರೆಯಲು ಹೋಗಿ ‘ಬಾಗಿಲು ತೆಗೆ’ ಅಂತ ನಿಲ್ಲಿಸಿದವನು, ಬಂದವರೆಲ್ಲ ವಿಧೇಯರಾಗಿ ತೆಗೆಯುತ್ತಾರೆ, ಕನ್ನಡದಲ್ಲಿ ಬರೆದರೆ ಎದುರು ಲ್ಯಾಬಿನವರಿಗೆ ಓದಲು ಬರಲ್ಲ, ಕದಿಯಲ್ಲ ಎಂಬುದು ಅವನ ಬುದ್ಧಿವಂತಿಕೆ, ಮ್ಯಾ ಕಂಡ ನಾನು ಮ್ಯಾಗ್ನೀಸಿಯಂ ಅಂದುಕೊಂಡಿದ್ದೆ, ಬೇರೇನು ಅಂದುಕೊಳ್ಳಲಿ, ಆದರೆ ಬೆಳಿಗ್ಗೆ ಕಿಟಕಿಯ ಬೆಳಕಿಗೆ, ಹಿಂದೆ ಬಿಳಿ ಕಾಗದ ಹಿಡಿದು ನೋಡಿದೆ, ಗುಲಾಬಿ — ಇದೆಯೋ ಇಲ್ಲವೋ ಅನ್ನುವಷ್ಟು, ಕೆಂಪು ಕರವಸ್ತ್ರದ ಜೊತೆ ನೆನೆಸಿದ ಬಿಳಿ ಅಂಗಿಗೆ ತಗುಲುವಷ್ಟು. ಮ್ಯಾಗ್ನೀಸಿಯಂ ಗುಲಾಬಿ ಅಲ್ಲ. ಮ್ಯಾಂಗನೀಸ್ ಗುಲಾಬಿ. ಅವಸರನನ್ನು ಹಿಡಿದು ಕೇಳಿದೆ, ಇದು ಯಾವ ಮ್ಯಾ, ಅವನು ತಲೆ ಕೆರೆದುಕೊಂಡು, ಎರಡೂ ಮ್ಯಾನೇ ಅಲ್ವೇನೇ, ಅಂದ, ಅಪ್ಪಿಕೊಳ್ಳಬೇಕೋ ಬಾರಿಸಬೇಕೋ ತಿಳಿಯಲಿಲ್ಲ, ಕುಣಿಯುವುದೂ ಬೇಡ, ಬಣ್ಣ ಕಂಡ ಮಾತ್ರಕ್ಕೆ ಏನೂ ಆಗಲಿಲ್ಲ, ಹೊಸ ಡಬ್ಬಿ ಒಡೆದು ಮ್ಯಾಂಗನೀಸ್ ತೂಗಿದೆ, ಮೂರು ಟ್ಯೂಬಿಗೆ ಕಿಣ್ವ, ಸಕ್ಕರೆ ಹಾಕಿ, ಒಂದರಲ್ಲಿ ಮ್ಯಾಗ್ನೀಸಿಯಂ, ಒಂದರಲ್ಲಿ ಅದು, ಮೂರನೆಯದರಲ್ಲಿ ಹಳೆಯ ಬಾಟಲಿಯ ಹನಿ, ಮೂರರಿಂದಲೂ ಒಂದೊಂದು ಚುಕ್ಕೆ ಈ ಪ್ಲೇಟಿನ ಬುಡದಲ್ಲಿ ಸಾಲಾಗಿ ಇಟ್ಟು ದ್ರಾವಕ ಹತ್ತಿಸಿದೆ, ಒಂಟಿ ಸಕ್ಕರೆ ಹಗುರ, ಮೇಲಕ್ಕೆ ಹತ್ತುತ್ತದೆ, ಉದ್ದದ್ದು ಸೋಮಾರಿ, ಕೆಳಗೇ ಉಳಿಯುತ್ತದೆ, ಆಮ್ಲ ಚಿಮುಕಿಸಿ ಕಾಸಿದರೆ ಸಕ್ಕರೆ ಇದ್ದಲ್ಲಿ ಕಂದು — ವಾಸನೆ, ಬಂತು, ಸುಟ್ಟ ಸಕ್ಕರೆ, ಬಾಗಿಲಾಚೆ ಬಿಸ್ಕತ್ತು ಮೆಲ್ಲುತ್ತ ಅವಸರ, ಏನೇ, ಬಂತಾ, ಸುಮ್ನಿರೋ, ಮೊದಲ ಸಾಲಿನಲ್ಲಿ ಕಂದು ಚುಕ್ಕೆ ಮೇಲೆ, ಕತ್ತರಿ, ಗೊತ್ತಿದ್ದದ್ದೇ, ಎರಡನೆಯದು, ಎರಡನೆಯದು ಇನ್ನೂ ಖಾಲಿ, ಖಾಲಿ, ಕಾರಿಡಾರಿನಲ್ಲಿ ಮೇಡಂ ಚಪ್ಪಲಿಯ ಸದ್ದು, ಅಯ್ಯೋ ತಾಯಿ, ಸ್ವಲ್ಪ ನಿಧಾನ ನಡೀರಿ — ಕೆಳಗೆ, ಮಸುಕಾಗಿ, ಒಂದು, ಅದರ ಕೆಳಗೆ ಇನ್ನೊಂದು, ಮೂರನೆಯ ಸಾಲಿನಲ್ಲೂ ಹಾಗೆಯೇ, ಪಡಿಯಚ್ಚು, ಏಣಿಯ ಮೆಟ್ಟಿಲಿನಂತೆ ಇಳಿದಿವೆ, ಹೊಲಿದಿದೆ, ನನ್ನ ಕಿಣ್ವ ಹೊಲಿದಿದೆ, ಮೇಡಂ ಹೆಗಲ ಮೇಲಿನಿಂದ ಬಗ್ಗಿ ನೋಡುತ್ತಾರೆ, ನಾನು ಎರಡು ಮ್ಯಾಗಳ ಕಥೆ ಒಂದೇ ಉಸಿರಿಗೆ ಒದರುತ್ತೇನೆ, ಕನ್ನಡಕ ತೆಗೆಯುತ್ತಾರೆ, ಒರೆಸುತ್ತಾರೆ, ಮತ್ತೆ ಹಾಕುತ್ತಾರೆ, ದೆವ್ವ ಸಂಸಾರ ಸಮೇತ ಬಂದಿದೆಯಲ್ಲಮ್ಮಾ, ಅಧ್ಯಾಯ ಇರಲಿ ಬಿಡು, ಎಂದು ಎರಡು ಹೆಜ್ಜೆ ಹೋಗಿ ತಿರುಗಿ ನಿಂತು, ಎರಡು ಮ್ಯಾನೂ ಒಟ್ಟಿಗೆ ಹಾಕಿದ್ರೆ ಏನ್ಮಾಡತ್ತೆ ಇದು — ಏನು ಮಾಡುತ್ತದೆ, ದೊಡ್ಡಮ್ಮ ಈ ಕಡೆ, ಚಿಕ್ಕಮ್ಮ ಆ ಕಡೆ, ನಡುವೆ ಅಜ್ಜಿ, ಕತ್ತರಿಸುತ್ತಾಳೋ ಹೊಲಿಯುತ್ತಾಳೋ, ಕತ್ತರಿಸಿ ಹೊಲಿಯುತ್ತಾಳೋ, ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ, ಕೈ ತಾನಾಗಿ ಬಾಟಲಿ ಎತ್ತಿ ಕಿಟಕಿಗೆ ಹಿಡಿದಿದೆ, ತಳದಲ್ಲಿ ಕೊನೆಯ ಹನಿ, ಹಿಂದೆ ಬಿಳಿ ಕಾಗದ, ಗುಲಾಬಿ, ಇದೆಯೋ ಇಲ್ಲವೋ ಅನ್ನುವಷ್ಟು, ಇದೆ, ಗುಲಾಬಿ