ಆರನೆಯ ತೂತು

ವೇದವ್ಯಾಸ ಆಚಾರ್ಯರು ಸವಣೂರಿನ ಕಾಲೇಜೊಂದಕ್ಕೆ ದೈಹಿಕ ಶಿಕ್ಷಣ ನಿರ್ದೇಶಕರಾಗಿ ಸೇರಿದ್ದು 1996ರಲ್ಲಿ. ಯಾರೋ ದಾನ ಕೊಟ್ಟಿದ್ದ ಎರಡು ಏರ್ ರೈಫಲ್ಲುಗಳು ಆಗ ಪ್ರಾಚಾರ್ಯರ ಕಪಾಟಿನ ಹಿಂದೆ ಧೂಳು ತಿನ್ನುತ್ತಿದ್ದವು. ಕಾಲೇಜಿಗೆ ಮೈದಾನವಿರಲಿಲ್ಲ. ಏರ್ ರೈಫಲ್ಲಿಗೆ ಬೇಕಾದ ಹತ್ತು ಮೀಟರಿಗಿಂತ ಸ್ವಲ್ಪ ಹೆಚ್ಚೇ ಉದ್ದವಿದ್ದ ಹಳೆಯ ಗೋದಾಮು ಇತ್ತು. ರೈಫಲ್ ತಂಡ ಹುಟ್ಟಿದ್ದು ಹಾಗೆ.

ಮೂರು ತಲೆಮಾರು ಮಠದಲ್ಲಿ ಪಾಠ ಹೇಳಿದ ಮನೆತನ ಅವರದು. ಆಚಾರ್ರ ಮಗ ಬಂದೂಕು ಹಿಡದಾನ ಎಂದು ಓಣಿಯವರು ನಕ್ಕರೆ, "ಕಾಗದ ಬಿಟ್ಟು ಇನ್ನೂ ಒಂದು ಇರುವಿ ಸೈತ ಕೊಂದಿಲ್ಲರೀ" ಎನ್ನುತ್ತಿದ್ದರು.

ಅವರು ಕಲಿಸುವ ಪದ್ಧತಿಯಲ್ಲಿ ಎರಡು ಕಟ್ಟುಪಾಡುಗಳಿದ್ದವು. ಗುಂಡು ಬಿಟ್ಟ ಮೇಲೆ ದೂರದರ್ಶಕಕ್ಕೆ ಕಣ್ಣು ಹಚ್ಚುವ ಮೊದಲೇ, ಅದು ಎಲ್ಲಿ ಬಿತ್ತೆಂದು ವಿದ್ಯಾರ್ಥಿ ಹೇಳಬೇಕು. ಕೈಗೆ ಗೊತ್ತಿರದಿದ್ದರೆ ಕಣ್ಣಿಗೆ ಗೊತ್ತಾಗಿ ಉಪಯೋಗವಿಲ್ಲ ಎಂಬುದು ಅವರ ವಾದ. ಇನ್ನೊಂದು, ತಮ್ಮ ಹುಡುಗರು ಹೊಡೆದ ಪ್ರತಿ ಗುಂಡನ್ನೂ ಅದು ಬಿದ್ದ ಕ್ಷಣವೇ ಅವರು ವಹಿಯಲ್ಲಿ ಚುಕ್ಕೆಯಿಟ್ಟು ಗುರುತಿಸುತ್ತಿದ್ದರು. ಅಂಥ ವಹಿಗಳು ನಲವತ್ತೊಂದು ಇದ್ದವು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ತಾಲೂಕು, ಜಿಲ್ಲೆಗಳ ಕಪ್ಪುಗಳು ಬಂದವು. ವಿಶ್ವವಿದ್ಯಾಲಯದ ತಂಡಕ್ಕೆ ಮಾತ್ರ ಒಬ್ಬರೂ ಆಯ್ಕೆಯಾಗಲಿಲ್ಲ.

2025ರ ಸೆಪ್ಟೆಂಬರ್ 30ಕ್ಕೆ ಅವರ ನಿವೃತ್ತಿ. ಪ್ರಾಚಾರ್ಯರು ಬಾಯಿಬಿಟ್ಟೇ ಹೇಳಿದ್ದರು: ಒಬ್ಬರಾದರೂ ವಿಶ್ವವಿದ್ಯಾಲಯದ ತಂಡ ಸೇರಿದರೆ ಹೊಸ ತರಬೇತುದಾರರನ್ನು ತರುತ್ತೇವೆ, ಇಲ್ಲದಿದ್ದರೆ ಅಕ್ಟೋಬರ್ ಒಂದರಿಂದ ಗೋದಾಮು ಗ್ರಂಥಾಲಯಕ್ಕೆ.

ಆಯ್ಕೆ ಸೆಪ್ಟೆಂಬರ್ 19ರ ಶುಕ್ರವಾರ, ಶಿಗ್ಗಾಂವಿಯಲ್ಲಿ. ವೇದವ್ಯಾಸರು ಕರೆದುಕೊಂಡು ಹೋದದ್ದು ಶೈಲಾ ಒಬ್ಬಳನ್ನೇ. ಯಲವಿಗಿಯ ರೈತರ ಮಗಳು, ಬಿ.ಎ. ಎರಡನೆಯ ವರ್ಷ. ಗುಂಡು ಎಲ್ಲಿ ಬಿತ್ತೆಂದು ನೋಡದೆ ಹೇಳುವುದರಲ್ಲಿ ಹತ್ತಕ್ಕೆ ಒಂಬತ್ತು ಸಲ ಅವಳ ಮಾತು ಸುಳ್ಳಾಗುತ್ತಿರಲಿಲ್ಲ.

ನಲವತ್ತು ಗುಂಡು, ಗುರಿ ಬರೆದ ಕಾರ್ಡಿಗೆ ಐದರಂತೆ ಎಂಟು ಕಾರ್ಡು, ಗುಂಡಿಗೆ ಹೆಚ್ಚೆಂದರೆ ಹತ್ತು ಅಂಕ. ಏಳು ಕಾರ್ಡು ಮುಗಿದಾಗ ತಂಡದ ನಾಲ್ಕು ಸ್ಥಾನಗಳಲ್ಲಿ ಮೂರು ನಿಕ್ಕಿಯಾಗಿದ್ದವು. ನಾಲ್ಕನೆಯದಕ್ಕೆ ಇಬ್ಬರು ಉಳಿದಿದ್ದರು. ಹಿರೇಕೆರೂರಿನ ಗುಲ್ನಾಜ 329, ಶೈಲಾ 321. ಇಬ್ಬರೂ ನಿಂತಿದ್ದು ಅಕ್ಕಪಕ್ಕ.

ಕೊನೆಯ ಕಾರ್ಡುಗಳು ಮೇಜಿಗೆ ಬಂದಾಗ, ನಿರ್ಣಾಯಕನಾಗಿದ್ದ ಹಾನಗಲ್ಲಿನ ವಸೀಮ ತೂತುಗಳನ್ನು ಎರಡು ಸಲ ಎಣಿಸಿದ. ಶೈಲಾಳ ಕಾರ್ಡಿನಲ್ಲಿ ಆರು, ಗುಲ್ನಾಜಳ ಕಾರ್ಡಿನಲ್ಲಿ ನಾಲ್ಕು.

"ನಿಂದೊಂದು ಆಕೀ ಕಾರ್ಡಿಗೆ ಹೋಗೇತವಾ" ಎಂದ.

ಗುಲ್ನಾಜ ಹಣೆ ಬಡಿದುಕೊಂಡಳು. "ಯಾ ಅಲ್ಲಾ! ಬೆವರು ಒರಿಸಿಕೊಂಡು ತಿರುಗಿ ನಿಂತ್ನೆಲ್ಲರೀ, ಆವಾಗ. ನನ್ನ ಕಣ್ಣಿಗೆ ಮಣ್ಣ ಬೀಳಲಿ."

ಬೇರೆಯವರ ಕಾರ್ಡಿಗೆ ಹೊಡೆದ ಗುಂಡಿಗೆ ಸೊನ್ನೆ. ಉಳಿದ ನಾಲ್ಕರಲ್ಲಿ ಅವಳಿಗೆ 38 ಬಂದು ಒಟ್ಟು 367 ಆಯಿತು. ಶೈಲಾಳ ಕಾರ್ಡಿನಲ್ಲಿ ಮೂರು ಹತ್ತು, ಎರಡು ಒಂಬತ್ತು, ಒಂದು ಏಳು. ಇವುಗಳಲ್ಲಿ ಹೊರಗಿನದು ಯಾವುದು?

"ಯಾರರ ನೋಡೀರೇನ್ರಿ?" ವಸೀಮ ಸುತ್ತಲೂ ಕೇಳಿದ. "ಖಚಿತ ಹೇಳವ್ರು ಇದ್ರ ಹೇಳ್ರಿ. ಇಲ್ಲಾಂದ್ರ ನಿಯಮದ ಪ್ರಕಾರ ಸಣ್ಣದ ತಗದು, ದೊಡ್ಡ ಐದನ್ನ ಶೈಲಾಗ ಕೊಡ್ತೇನಿ."

ಏಳನ್ನು ತೆಗೆದರೆ 48, ಒಟ್ಟು 369. ಶೈಲಾ ತಂಡದಲ್ಲಿ. ಹೊರಗಿನಿಂದ ಬಂದದ್ದು ಹತ್ತಾಗಿದ್ದರೆ 45, ಒಟ್ಟು 366. ಒಂದು ಅಂಕದಿಂದ ಹೊರಗೆ.

ವೇದವ್ಯಾಸರು ನೋಡಿದ್ದರು. ಏಳು ಶೈಲಾಳ ಮೊದಲ ಗುಂಡು, ಎಡಕ್ಕೆ ಕೆಳಗೆ. ಮೂರನೆಯದಾದ ಮೇಲೆ ಅವಳು ರೈಫಲ್ ಇಳಿಸಿ ಪೆಲೆಟ್ ತುಂಬುತ್ತಿದ್ದಾಗ, ಅವಳು ಹೊಡೆಯದೆಯೇ ಕಾರ್ಡಿನ ನಟ್ಟನಡುವೆ ತೂತೊಂದು ಬಿದ್ದಿತ್ತು. ವಹಿಯಲ್ಲಿ ಅದಕ್ಕೆ ಅಡ್ಡಗೆರೆ ಹಾಕಿದ್ದರು. ವಹಿ ಅಂಗಿಯ ಜೇಬಿನಲ್ಲಿತ್ತು.

ಅವರು ಮಾತಾಡಲಿಲ್ಲ. ಶೈಲಾ ಅವರನ್ನು ಒಮ್ಮೆ ನೋಡಿ, ಗೋಡೆಯ ಕಡೆ ಮುಖ ಮಾಡಿ ಶೂಟಿಂಗ್ ಕೋಟಿನ ಗುಂಡಿ ಬಿಚ್ಚತೊಡಗಿದಳು. ಏಳು ಯಾರದೆಂದು ಅವಳ ಕೈಗೆ ಗೊತ್ತಿಲ್ಲದಿರಲು ಸಾಧ್ಯವಿರಲಿಲ್ಲ. ತಾವೇ ಕಲಿಸಿದ ವಿದ್ಯೆ.

ಐದು ನಿಮಿಷ ಕಾದು ವಸೀಮ 369 ಎಂದು ಬರೆದ. ಫಲಿತಾಂಶದ ಹಾಳೆಯನ್ನು ವೇದವ್ಯಾಸರ ಮುಂದೆ ಸರಿಸಿದ. ಅಂಕಗಳು ಸರಿ ಇವೆ ಎಂದು ಆಯಾ ಕಾಲೇಜಿನ ತರಬೇತುದಾರರು ಸಹಿ ಹಾಕಬೇಕು.

"ಹಾಕ್ರಿ ಆಚಾರ್ ಸರ್. ಹೋಗೂ ಕಾಲಕ್ಕ ಒಂದ್ ಹುಡುಗೀನ ದಾಟಿಸಿದ್ರಿ. ಪೇಢೆ ಕೊಡಸಬೇಕ್ರಿ ಈ ಸಲ."

ವೇದವ್ಯಾಸರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಸುಮ್ಮನಿರುವುದು ಇಷ್ಟು ಹೊತ್ತು ಸಾಧ್ಯವಾಗಿತ್ತು. ಬರೆದುಕೊಡುವುದು ಬೇರೆ. ಜೇಬಿನಿಂದ ವಹಿ ತೆಗೆದು, ಆ ಪುಟ ತೆರೆದು ಮೇಜಿನ ಮೇಲಿಟ್ಟರು.

ವಸೀಮ ಓದಿದ. ದನಿ ತಗ್ಗಿಸಿದ. "ಸರ್, ಇದನ್ನ ಒಳಗ ಇಟ್ಕೊಳ್ರಿ. ನಿಮ್ಮನ್ನ ಯಾರರ ಕೇಳ್ಯಾರೇನು?"

"ನೀನ ಕೇಳಿದೆಲ್ಲೋ, ಯಾರರ ನೋಡೀರೇನಂತ."

"ಆವಾಗ ಹೇಳಲಿಲ್ಲಲ್ರಿ ಮತ್ತ!"

"ಹೇಳಬೇಕಿತ್ತು. ಹೇಳಲಿಲ್ಲ. ಈಗ ಹೇಳ್ತೇನಿ. ಹೊರಗಿಂದು ಬಂದದ್ದು ಹತ್ತು. ಏಳು ನಮ್ಮ ಹುಡುಗೀದು."

ವಸೀಮ ಶೈಲಾಳ ಕಡೆ ತಿರುಗಿದ. "ಹೌದೇನವಾ?"

ಶೈಲಾ ತಿರುಗದೆ ಹೇಳಿದಳು: "ಹೌದ್ರಿ."

369 ಹೊಡೆದುಹಾಕಿ 366 ಬರೆದರು. ಗುಲ್ನಾಜ ಬಂದು ಏನೋ ಹೇಳಹೋದಳು. ಶೈಲಾ ಕೇಳಿಸಿಕೊಳ್ಳದೆ ಚೀಲ ಹೆಗಲಿಗೇರಿಸಿ ಹೊರಟಳು.

ಸವಣೂರಿನವರೆಗೆ ಬಸ್ಸಿನಲ್ಲಿ ಅವಳು ಮುಂದೆ, ಅವರು ಹಿಂದೆ, ರೈಫಲ್ ಪೆಟ್ಟಿಗೆ ಅವರ ಕಾಲ ನಡುವೆ. ಬಸ್ ನಿಲ್ದಾಣದಲ್ಲಿ ಯಲವಿಗಿ ಬಸ್ಸು ಇನ್ನೂ ಬಂದಿರಲಿಲ್ಲ. ವೇದವ್ಯಾಸರು ಪ್ರಾಚಾರ್ಯರಿಗೆ ಫೋನು ಮಾಡಿದರು. "ಆಗಲಿಲ್ಲರೀ. ಒಂದು ಅಂಕ." ಆ ಕಡೆಯ ಮಾತು ಕೇಳಿ, "ಸರಿ, ಗೋದಾಮಿನ ಕೀಲಿ ಮೂವತ್ತಕ್ಕ ಕೊಡ್ತೇನಿ" ಎಂದರು.

ಫೋನು ಇಟ್ಟ ಮೇಲೆ ಶೈಲಾ ಬಾಯಿ ತೆರೆದಳು. "ನೀವು ಹೇಳದಿದ್ರ ನಾನಂತೂ ಹೇಳ್ತಿರಲಿಲ್ಲ ಸರ್."

"ಗೊತ್ತದ."

"ಗೊತ್ತಿದ್ದೂ ಹೇಳಿದ್ರಿ?"

"ಹೂಂ."

"ಸಿಟ್ಟು ಬಂದೈತಿ ನನಗ. ಬಾಳ ಬಂದೈತಿ."

"ಬರಲಿ. ಬರಬೇಕಾದ್ದ."

"ಐದು ನಿಮಿಷ ಯಾಕ ಸುಮ್ಮನ ಕುಂತ್ರಿ ಮತ್ತ? ಅಷ್ಟರಾಗ ನಾನು ತಂಡದಾಗ ಅದೇನಿ ಅಂತ ಅಂದ್ಕೊಂಡು ಬಿಟ್ಟಿದ್ದೆ."

"ಅದು ನನ್ನ ತಪ್ಪು" ಎಂದರು.

ಬಸ್ಸು ಬಂತು. ಶೈಲಾ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

"ನಾಳೆ ಏಳಕ್ಕ ಗೋದಾಮು ತಗೀರಿ. ನಿಮ್ಮ ಸಲುವಾಗಿ ಬರೂದಲ್ಲ ಮತ್ತ. ರೈಫಲ್ ಇನ್ನೂ ಹನ್ನೊಂದು ದಿನ ಐತಿ."

"ಆರೂವರಿಗೇ ತಗೀತೇನಿ" ಎಂದರು ವೇದವ್ಯಾಸರು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್, ಒಳಗ ಹೋಗವಾ, ದಾರಿ ಬಿಡು ಎಂದು ಅವಳನ್ನು ಒಳಗೆ ಸರಿಸಿ ಸೀಟಿ ಊದಿದ.