ನನ್ನ ಬೆನ್ನ ಮೇಲಿನ ಹೆಸರುಗಳು

ಧಾರವಾಡದ ಮಾನಪ್ಪ ಬಡಿಗೇರನ ಅಂಗಡಿಯಲ್ಲಿ, ಯಾರದೋ ಮನೆಯ ಬಾಗಿಲಿಗೆಂದು ತಂದ ಪ್ಲೈವುಡ್‌ನಲ್ಲಿ ಮಿಕ್ಕ ತುಂಡು ನಾನು. ಮಾನಪ್ಪ ನನ್ನ ನಾಲ್ಕೂ ಮೂಲೆ, ಒಂದು ಮುಖ ಉಜ್ಜಿ ಡ್ರಾಯಿಂಗ್ ಬೋರ್ಡ್ ಮಾಡಿದ. ಬಾಗಿಲಾಗಿದ್ದರೆ ಜೀವಮಾನವಿಡೀ ಒಂದೇ ಮನೆ ಕಾಯಬೇಕಿತ್ತು. ಬೋರ್ಡ್ ಆದೆ, ಮೂರು ಊರು ನೋಡಿದೆ. ಈ ಬಗ್ಗೆ ನನಗೆ ಕೊಂಚ ಜಂಬವಿದೆ, ಮುಚ್ಚಿಡುವುದಿಲ್ಲ.

ಮೊದಲು ಕೊಂಡವನು ರುದ್ರೇಶ. ಚಿತ್ರಕಲೆಯಲ್ಲಿ ಎಂ.ವಿ.ಎ. ಓದುತ್ತಿದ್ದ ಹಾಸ್ಟೆಲ್ ಹುಡುಗ. ನನ್ನ ಮುಖದ ಮೇಲೆ ಕಾಗದ ಹಚ್ಚಿ ಚಿತ್ರ ಬರೆಯುವನು, ಹಸಿವಾದರೆ ಅದೇ ಮುಖದ ಮೇಲೆ ಉಳ್ಳಾಗಡ್ಡಿ ಹೆಚ್ಚುವನು. ಪುಣ್ಯಾತ್ಮ ಒಂದು ದಿನವೂ ತೊಳೆಯಲಿಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾದ ದಿನ ನನ್ನ ಬೆನ್ನಿನ ಮೂಲೆಯಲ್ಲಿ ತನ್ನ ಹೆಸರು, ಅದರ ಮುಂದೆ ತನ್ನ ಕೆಲಸ ಬರೆದು, ಕಾಲೇಜಿನಲ್ಲಿ ತನಗಿಂತ ಕಿರಿಯಳಾದ ಮೆಹಬೂಬಿಗೆ ನನ್ನನ್ನು ಕೊಟ್ಟ. ಅಲ್ಲಿಂದ ಅದೇ ಪದ್ಧತಿಯಾಯಿತು. ಕೈಗೆ ಬಂದೊಡನೆ ಹೆಸರು ಬರೆಯಬೇಕು. ಕೆಲಸ ಸಿಕ್ಕಿ ಅದನ್ನೂ ಬರೆದ ಮೇಲೆಯೇ ಮುಂದಿನವರಿಗೆ ದಾಟಿಸಬೇಕು. ಮೆಹಬೂಬಿ ಇಳಕಲ್ಲಿಗೆ ಹೋಗಿ ಸೀರೆಯ ಸೆರಗಿಗೆ ಹೊಸ ವಿನ್ಯಾಸ ಹಾಕತೊಡಗಿದಳು. ಅವಳಿಂದ ನನ್ನನ್ನು ಪಡೆದ ಬಸವಂತ ನಾಟಕ ಕಂಪನಿಯ ಪರದೆ ಬರೆಯಲು ಹೋದ. ಅವನು ಬರೆದ ಅರಮನೆಯ ಬಾಗಿಲು ನಿಜವೆಂದೇ ನಂಬಿ ರಾಜನ ಪಾರ್ಟಿನವನು ಒಳಹೊಕ್ಕು, ಪರದೆಯ ಸಮೇತ ಕೆಳಗೆ ಬಿದ್ದನಂತೆ.

ನಾಲ್ಕನೆಯವಳು ಭುವನಾ, ಗದಗ-ಬೆಟಗೇರಿಯ ನೇಕಾರರ ಮನೆಯವಳು. ಓದು ಮುಗಿದು ಎರಡು ವರ್ಷವಾದರೂ ಅವಳ ಹೆಸರಿನ ಮುಂದೆ ಜಾಗ ಖಾಲಿಯೇ ಇತ್ತು. ಒಂದು ಶಾಲೆಯವರು ಡ್ರಾಯಿಂಗ್ ಜೊತೆ ಕಬಡ್ಡಿಯನ್ನೂ ಕಲಿಸುತ್ತೀಯಾ ಎಂದರು. ಫ್ಲೆಕ್ಸ್ ಅಂಗಡಿಯವನು ದಿನವಿಡೀ ಪುಢಾರಿಗಳ ಮುಖ ಬೆಳ್ಳಗೆ ಮಾಡಲು ಕೂರಿಸಿದ; ಮೂರನೇ ದಿನ ಒಬ್ಬರ ಮುಖವನ್ನು ಇದ್ದ ಬಣ್ಣದಲ್ಲೇ ಬಿಟ್ಟಳೆಂದು ಕಳಿಸಿಬಿಟ್ಟ. ಬೋರ್ಡ್ ಯಾವಾಗ ಕೊಡುತ್ತೀಯಕ್ಕಾ ಎಂದು ಹಾಸ್ಟೆಲಿನಿಂದ ಫೋನ್ ಬಂದರೆ ಅವಳು ಎತ್ತುತ್ತಿರಲಿಲ್ಲ. ಆ ಖಾಲಿ ಜಾಗ ನನ್ನ ಬೆನ್ನಿಗೂ ತುರಿಕೆ ಹತ್ತಿಸಿತ್ತು. ಕೆಲಸ ಸಿಗಲಪ್ಪಾ ಎಂದು ನಾನೂ ಬೇಡಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಅವಳಜ್ಜಿ ನಾಗವ್ವನಿಗೆ ಬಿ.ಪಿ., ಸಕ್ಕರೆ ಎಲ್ಲ ಒಟ್ಟಿಗೇ ಬಂದವು. ಅಜ್ಜಿಗೆ ಓದು ಬಾರದು. ಯಾವ ಮಾತ್ರೆ ಯಾವಾಗ ಎಂದು ತಿಳಿಯಲಿ ಎಂದು ಭುವನಾ ನನ್ನ ಬೆನ್ನಿನ ಮೇಲೆ ಸೂರ್ಯ, ಚಂದ್ರ ಬರೆದು, ಪಕ್ಕದಲ್ಲಿ ಮಾತ್ರೆಯ ಬಣ್ಣ ಹಚ್ಚಿ ಅಡುಗೆಮನೆಯ ಮೊಳೆಗೆ ತೂಗುಹಾಕಿದಳು. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು.

"ಈ ಸೂರ್ಯಾ ಹುಟ್ಟಾಕತ್ತಾನೋ, ಮುಳಗಾಕತ್ತಾನೋ?"

ಎಂ.ವಿ.ಎ. ಓದಿದವಳು ಒದ್ದೆ ಬಟ್ಟೆ ತಂದಳು. ಸೂರ್ಯಚಂದ್ರರನ್ನು ಅಳಿಸಿ, ಅಜ್ಜಿ ಹೇಳಿದಂತೆಯೇ ಬರೆದಳು. ಬೆಳಿಗ್ಗೆಗೆ ಚಹಾದ ಕಪ್ಪು-ಬಸಿ, ಮಧ್ಯಾಹ್ನಕ್ಕೆ ರೊಟ್ಟಿ, ರಾತ್ರಿಗೆ ಟೀವಿ ಧಾರಾವಾಹಿಯ ಅತ್ತೆಯ ಸಿಟ್ಟಿನ ಮುಖ. ಆಮೇಲೆ ಅಜ್ಜಿ ಒಂದು ಹೊತ್ತೂ ತಪ್ಪಿಸಲಿಲ್ಲ.

ಒಂದು ದಿನ ಹುಬ್ಬಳ್ಳಿಯ ಆಸ್ಪತ್ರೆಯೊಂದರಿಂದ ಕರೆ ಬಂತು. ಅಲ್ಲಿ ಚಿತ್ರ ಬರೆಯುವವರು ಬೇಕಾಗಿತ್ತಂತೆ. ಬಸ್ಸಿಗೆ ಹೊತ್ತಾಯಿತೆಂಬ ಗಡಿಬಿಡಿಯಲ್ಲಿ ಭುವನಾ ನನ್ನನ್ನು ಮೊಳೆಯಿಂದ ಇಳಿಸಿ, ತನ್ನ ಒಳ್ಳೆಯ ಚಿತ್ರವನ್ನು ನನ್ನ ಮುಖಕ್ಕೆ ಹಚ್ಚಿಕೊಂಡು ಓಡಿದಳು. ಡಾಕ್ಟರಮ್ಮ ಚಿತ್ರ ನೋಡಿ ಛಲೋ ಇದೆ ಎಂದರು. ಆದರೆ ತಮಗೆ ಗೋಡೆಯ ಅಂದಕ್ಕೆ ಚಿತ್ರ ಬೇಡ, ಓದು ಬಾರದ ರೋಗಿಗಳಿಗೆ ತಿಳಿಯುವಂತೆ ಬರೆಯುವವರು ಬೇಕು ಎಂದು ಮೆಲ್ಲಗೆ ಹೇಳಿದರು. ಭುವನಾ ಎದ್ದಳು. ಜನರಿಗೆ ತಾಗಿ ಬಣ್ಣ ತಿಕ್ಕಿ ಹೋಗದಿರಲೆಂದು ಚಿತ್ರವನ್ನು ತನ್ನ ಕಡೆಗೆ, ನನ್ನ ಬೆನ್ನನ್ನು ಹೊರಗೆ ಮಾಡಿ ಕಂಕುಳಲ್ಲಿ ಹಿಡಿದು ಹೊರಟಳು.

"ನಿಲ್ಲವಾ," ಎಂದರು ಡಾಕ್ಟರಮ್ಮ. "ಹಿಂದ ಏನದು?"

ಭುವನಾ ನಾಚುತ್ತಲೇ ಹೇಳಿದಳು. ಡಾಕ್ಟರಮ್ಮ ಚಹಾದ ಕಪ್ಪು ನೋಡಿದರು, ರೊಟ್ಟಿ ನೋಡಿದರು, ಅತ್ತೆಯ ಮುಖ ನೋಡಿ ನಕ್ಕೇಬಿಟ್ಟರು. ಮರುಕ್ಷಣವೇ, ಬೋರ್ಡ್ ಇಲ್ಲಿದ್ದರೆ ಇವತ್ತು ಅಜ್ಜಿಯ ಗತಿಯೇನು ಎಂದರು. ಭುವನಾ ಕೂಡಲೇ ಮನೆಗೆ ಫೋನ್ ಮಾಡಿದಳು. ಅಜ್ಜಿ ಮಾತ್ರೆಯ ಡಬ್ಬಿ ಹಿಡಿದು ಖಾಲಿ ಮೊಳೆಯ ಮುಂದೆ ಕೂತಿದ್ದಾಳೆ, ಯಾರು ಹೇಳಿದರೂ ಕೇಳುತ್ತಿಲ್ಲ, ಬೋರ್ಡನ್ನೇ ತೋರಿಸಿ ಎನ್ನುತ್ತಾಳೆ ಎಂದು ಅವ್ವ ಗೋಳಾಡಿದಳು. ಡಾಕ್ಟರಮ್ಮನೇ ಫೋನ್ ಇಸಿದುಕೊಂಡು, ರೊಟ್ಟಿಯ ಮಾತ್ರೆ ಯಾವ ಬಣ್ಣದ್ದೆಂದು ನನ್ನ ಬೆನ್ನು ನೋಡಿ ಓದಿ ಹೇಳಿದರು. ಅಜ್ಜಿ ನುಂಗಿದಳು. ಅಲ್ಲೇ ನಿಂತಂತೆಯೇ ಭುವನಾಳ ಕೆಲಸ ಗಟ್ಟಿಯಾಯಿತು.

ಸಂಜೆ ಅವಳು ತನ್ನ ಹೆಸರಿನ ಮುಂದೆ 'ಆಸ್ಪತ್ರೆಯ ಚಿತ್ರಗಾರ್ತಿ' ಎಂದು ದಪ್ಪಗೆ ಬರೆದಳು. ನನ್ನ ಬೆನ್ನು ಹಗುರಾಯಿತು. ಪದ್ಧತಿಯಂತೆ ನಾನಿನ್ನು ಹಾಸ್ಟೆಲಿಗೆ ಹೋಗಬೇಕು. ಅಜ್ಜಿ ಬಿಡಬೇಕಲ್ಲ! ಹೊಸ ಬೋರ್ಡ್ ಮಾಡಿಸಿ ಕಳಿಸು, ಇದು ಇಲ್ಲೇ ಇರುತ್ತದೆ ಎಂದು ಕಡ್ಡಿ ಮುರಿದಂತೆ ಹೇಳಿದಳು. ಭುವನಾ ನಗುತ್ತಾ ತನ್ನ ಹೆಸರಿನ ಕೆಳಗೆ ಅಜ್ಜಿಯ ಹೆಸರನ್ನೂ ಬರೆಯಹೋದಳು.

"ಹೆಸರ ಬ್ಯಾಡವಾ, ನನಗ ಓದಾಕ ಬರೂದಿಲ್ಲ," ಎಂದಳು ಅಜ್ಜಿ. "ನನ್ನ ಮೂಗುತಿ ಬರಿ. ಗುರ್ತ ಸಿಗತದ."

ಈಗ ನನ್ನ ಮೂಲೆಗಳು ಸವೆದಿವೆ, ಒಂದು ಕಡೆ ಪದರವೂ ಬಿಟ್ಟಿದೆ. ಅಂದಕ್ಕೆಂದು ಉಜ್ಜಿದ ಮುಖ ಗೋಡೆಯ ಕಡೆಗಿದೆ. ಅದಕ್ಕೆ ಬೇಸರವಿಲ್ಲ, ಇಷ್ಟು ಜನರ ಅನ್ನದ ದಾರಿ ನನ್ನ ಬೆನ್ನಿನ ಮೇಲಿದೆ. ದಿನಾ ಬೆಳಿಗ್ಗೆ ಅಜ್ಜಿ ಚಹಾ ಕುಡಿದು ನನ್ನ ಮುಂದೆ ನಿಲ್ಲುತ್ತಾಳೆ. ಮೊದಲು ಆ ಚಿತ್ರದ ಮೂಗುತಿ ಮುಟ್ಟುತ್ತಾಳೆ, ಆಮೇಲೆ ತನ್ನದನ್ನು ಮುಟ್ಟಿಕೊಳ್ಳುತ್ತಾಳೆ, ಆಮೇಲೆ ಮಾತ್ರೆ ನುಂಗುತ್ತಾಳೆ.