ಅಂಚಿನ ಕಲ್ಲು

ಕರ್, ಕರ್. ಬ್ಲೇಡು ಕೊಕ್ಕೆಯನ್ನು ಕೆರೆಯುವ ಸದ್ದು. ಎಲ್ಲರೂ ಮಲಗುವ ಹೊತ್ತು ಯಾವಾಗಲೋ ಕಳೆದಿತ್ತು. ಆರ್ಡಿತ್ ಹಾಸಿಗೆಯಲ್ಲೇ ಉಸಿರು ಬಿಗಿಹಿಡಿದು ಕೇಳಿದಳು. ಮೀನನ್ನು ಮರುಳುಮಾಡಲು ಗಾಳಕ್ಕೆ ಕಟ್ಟಿದ ಹುಸಿ ನೊಣ ಕೆಟ್ಟಾಗ ಮಾತ್ರ ಅದರ ದಾರ, ಗರಿಗಳನ್ನು ಹೀಗೆ ಕೆರೆದು ತೆಗೆಯುತ್ತಾರೆ. ಅವಳ ಗಂಡ ಹಾಯ್ಟ್ ಹರಟೆ ಹೊಡೆಯುತ್ತಲೇ ಸಾಸಿವೆಕಾಳಿನಷ್ಟು ನೊಣ ಕಟ್ಟುತ್ತಿದ್ದವನು. ಈಗೀಗ ಕಟ್ಟುವುದಕ್ಕಿಂತ ಕೆರೆಯುವುದೇ ಹೆಚ್ಚಾಗಿತ್ತು.

ಕಣ್ಣಿನ ಮಾತೆತ್ತಿದರೆ ಸಿಡುಕುತ್ತಿದ್ದ. ಬರುವ ಶನಿವಾರ ಅವನು ಪಟ್ಟಣದ ಇಬ್ಬರು ಹೊಸಬರನ್ನು ಟ್ರೌಟ್ ಮೀನು ಹಿಡಿಸಲು ನೀರಿಗಿಳಿಸಬೇಕಿತ್ತು. ಅಣೆಕಟ್ಟಿನ ಕೆಳಗಿನ ಹೊಳೆ. ಕರೆಂಟಿಗೆಂದು ಟರ್ಬೈನು ತಿರುಗಿಸಿ ನೀರು ಬಿಟ್ಟರೆ ಮೊಣಕಾಲಿನ ನೀರು ಕುತ್ತಿಗೆಗೆ ಬರುತ್ತದೆ. ಅವರ ಜೀವಕ್ಕೆ ಇವನ ಕಣ್ಣೇ ಕಾವಲು.

ಮರುದಿನ ಬೆಳಿಗ್ಗೆ ಅವನು ಒಬ್ಬನೇ ಹೊಳೆಗೆ ಹೊರಟಾಗ ಅವಳೂ ಜೊತೆಗೆ ಹೊರಟಳು.

"ನೀನ್ಯಾಕೆ?"

"ಮೀನು ಹಿಡಿಯೋಕೆ. ನಿನ್ನ ಮುಖ ನೋಡೋಕಂತೂ ಅಲ್ಲ."

ತಿಂಡಿಯ ಬಿಳಿ ಡಬ್ಬಿಯನ್ನು ದಡದ ಮೇಲಿಟ್ಟು, ನೀರಂಚಿನಲ್ಲಿ ಒಂದು ಬಿಳಿಕಲ್ಲನ್ನು ಅರ್ಧ ಒದ್ದೆ, ಅರ್ಧ ಒಣಗಿರುವಂತೆ ಇಟ್ಟಳು. ಈ ಹೊಳೆಯವರೆಲ್ಲ ಇಡುವ ಕಲ್ಲು. ನೀರು ಬಿಡುವಾಗ ಅಣೆಕಟ್ಟಿನಲ್ಲಿ ಊದುವ ಸೈರನ್ ಇಷ್ಟು ಕೆಳಗೆ ಕೇಳಿಸದು. ಕಲ್ಲು ಮುಳುಗಿತೆಂದರೆ ಗಾಳಕ್ಕೆ ಬಿದ್ದ ಮೀನನ್ನೂ ಬಿಟ್ಟು ದಡ ಸೇರಬೇಕು.

ಹಾಯ್ಟ್ ಕಾಲಿನಿಂದಲೇ ದಾರಿ ತಡವುತ್ತ ನಡುಹೊಳೆಯ ಜಲ್ಲಿದಿಬ್ಬ ಸೇರಿದ. ಮೀನು ಹಿಡಿಸುವ ಕಸುಬಿನವನೇ ಆದ ಬರ್ಲ್ ದೋಣಿಯಿಂದ ಕೂಗಿದ: "ಏನಜ್ಜಾ, ಇವತ್ತು ಹೆಂಡ್ತಿ ಕಾವಲಾ?"

"ಕಾವಲಿಗೆ ಬರೋ ಹೆಂಡ್ತಿ ಇದಾಳೆ ಕಣೋ! ನಿನ್ನೋಳು ಬಾಗಿಲೇ ತೆಗೆಯಲ್ವಂತೆ!"

ಬರ್ಲ್ ನಗುತ್ತ ತಿರುವಿನಾಚೆ ಮರೆಯಾದ.

ಆರ್ಡಿತ್ ಕಲ್ಲಿನಿಂದ ಕಣ್ಣು ಕೀಳಲಿಲ್ಲ. ಅದರ ನೆತ್ತಿ ಒದ್ದೆಯಾಗಿ ಹೊಳೆಯಿತು. ಆಮೇಲೆ ಕಾಣಿಸಲೇ ಇಲ್ಲ.

"ಹಾಯ್ಟ್, ಕಲ್ಲು ನೋಡು!"

ಅವನು ತಿರುಗಿದ. "ನೋಡ್ತಾನೇ ಇದೀನಲ್ಲ. ಬೆಳ್ಳಗೆ ಒಣಗ್ಕೊಂಡು ಕೂತಿದೆ. ಸುಮ್ನಿರೇ."

ಅವನ ಮುಖ ಡಬ್ಬಿಯ ಕಡೆಗಿತ್ತು.

ನೀರು ಬಂತು ಎಂದರೆ ವಾದಕ್ಕೆ ನಿಲ್ಲುತ್ತಾನೆ. ವಾದಕ್ಕೆ ಹೊತ್ತಿರಲಿಲ್ಲ. ಗಾಳದ ಕೋಲನ್ನು ಹುಲ್ಲಿನ ಮೇಲೆ ಎಸೆದು, ದಿಬ್ಬದಿಂದ ದಡಕ್ಕೆ ನಡೆದು ದಾಟುವ ದಾರಿಯ ಆಳವಿಲ್ಲದ ತುದಿಗೆ ಓಡಿ ಕಿರುಚಿದಳು: "ದೊಡ್ಡದು ಬಿದ್ದಿದೆ! ಬಲೆ ತಗೊಂಡ್ ಬಾ, ಬೇಗ!"

ಅದಕ್ಕೆ ಮಾತ್ರ ಅವನು ಎಂದೂ ಎದುರಾಡಿದವನಲ್ಲ. "ಕೋಲು ಎತ್ತಿ ಹಿಡಿ! ಎಳೀಬೇಡ ಕಣೇ, ದಾರ ಬಿಡು!" ಎಂದು ಪಾಠ ಹೇಳುತ್ತಲೇ ದನಿಯ ಜಾಡು ಹಿಡಿದು ಬಂದ. ನೀರು ತೊಡೆಗೆ ಬಂತು, ಸೊಂಟಕ್ಕೆ ಬಂತು.

"ಈ ಕಡೆ! ನನ್ನ ಕಡೆ!"

ಅವನ ಕಾಲು ಜಾರಿತು. ಬಲೆ ತೇಲಿಹೋಯಿತು. ಆರ್ಡಿತ್ ನೀರಿಗಿಳಿದು ಅವನ ಸೊಂಟಪಟ್ಟಿ ಹಿಡಿದು ಎಳೆದಳು. ಇಬ್ಬರೂ ದಡದ ಕೆಸರಿನಲ್ಲಿ ಬಿದ್ದರು.

"ಮೀನೆಲ್ಲಿ?"

"ಮೀನಿರಲಿಲ್ಲ."

ದಿಬ್ಬದ ಮೇಲೆ ನೀರು ಭೋರ್ಗರೆಯುತ್ತಿತ್ತು. ಅವನು ಅದನ್ನು ಕಿವಿಗೊಟ್ಟು ಕೇಳಿದ. ಆಮೇಲೆ ಬೆಳ್ಳಗೆ ಕಾಣುವುದರತ್ತ ತೆವಳಿ ಕೈ ಚಾಚಿದ. ಬೆರಳಿಗೆ ಡಬ್ಬಿಯ ಮುಚ್ಚಳ ತಗುಲಿತು.

"ಶನಿವಾರದವರನ್ನ ಬರ್ಲ್‌ಗೆ ಒಪ್ಪಿಸ್ತೀನಿ," ಎಂದ. "ಮಂಡಿನೋವು ಅಂತೀನಿ."

"ಶನಿವಾರದವರನ್ನ ಮಾತ್ರಾನಾ?"

"ಇನ್ಮೇಲೆ ಬರೋರನ್ನೆಲ್ಲ ಕಣೇ."

ಬರ್ಲ್‌ನ ದೋಣಿ ನೀರಿನ ವಿರುದ್ಧ ಗುಡುಗುಡಿಸುತ್ತ ಹಿಂದಿರುಗಿತು. "ಇದೇನು, ಇಬ್ರೂ ತೊಯ್ದು ತೊಪ್ಪೆಯಾಗಿದೀರಿ!"

"ಇವಳಿಗೆ ನಿನ್ನ ದೋಣಿಗಿಂತ ದೊಡ್ಡ ಮೀನು ಬಿದ್ದಿತ್ತು," ಎಂದ ಹಾಯ್ಟ್.

"ಹೌದಾ ಅಜ್ಜೀ?"

ಆರ್ಡಿತ್ ಡಬ್ಬಿ ತೆರೆದು ಜೋಳದ ಬ್ರೆಡ್ಡನ್ನು ಗಂಡನ ಕೈಗೇ ತಾಗುವಂತೆ ಇಟ್ಟಳು. ಅವನು ಕೊಟ್ಟ ಮಾತು ನಡೆಸುವವರೆಗೂ, ನಡೆಸಿದ ಮೇಲೂ, ಅವನು ಡಬ್ಬಿಯನ್ನು ಕಲ್ಲೆಂದದ್ದನ್ನು ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು.

"ಹೂಂ," ಎಂದಳು. "ತಪ್ಪಿಸ್ಕೊಂಡ್ತು."